ಗಾಲಿಕುರ್ಚಿಯಲ್ಲಿ ಹಿಮನದಿಯವರೆಗೆ

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಊಟ, ವಸತಿ ಹಾಗೂ ವೆಚ್ಚಗಳನ್ನು. ನಮ್ಮ ಮನೆಯಲ್ಲಿ ಈಚಿನ ವರ್ಷಗಳಲ್ಲಿ ಮೊದಲು ವಿಚಾರಿಸುವುದು ಬಾಗಿಲಿನ ಅಗಲವನ್ನು. ಬೆನ್ನುಹುರಿಯ ತೊಂದರೆಯಿಂದ ನಮ್ಮ ತಾಯಿಯವರ ಎರಡೂ ಕಾಲುಗಳ ಬಲ ಕುಂದಿ, 2019ರಿಂದ ಅವರು ಗಾಲಿಕುರ್ಚಿಯನ್ನು ಆಶ್ರಯಿಸಿದ್ದಾರೆ. ಕೈಗಳು ಮಾತ್ರ ಇಂದಿಗೂ ಗಟ್ಟಿ. ಹಿಡಿಯಲು ಭದ್ರವಾದ ಕಂಬಿಯೊಂದಿದ್ದರೆ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ತಾವೇ ಜರುಗಿ ಕುಳಿತುಕೊಳ್ಳಬಲ್ಲರು. ಕುರ್ಚಿಯ ಎರಡು ಗಾಲಿಗಳ ಹೊರ ಅಂಚಿನ ನಡುವಣ ಅಳತೆ 26 ಅಂಗುಲ. ಧಾರವಾಡದ ನಮ್ಮ ಮನೆಯಲ್ಲಿ ಈ ಅಂಕಿಯನ್ನು ಮೊಮ್ಮಗನೂ ಬಲ್ಲ.

ತಾಯಿಯವರಿಗೆ ಈಗ 78 ವರ್ಷ. ಸ್ನಾನವಾಗದೆ ಇಷ್ಟಲಿಂಗ ಪೂಜೆಯಿಲ್ಲ, ಪೂಜೆಯಾಗದೆ ಬಾಯಿಗೆ ಹನಿ ನೀರೂ ಇಲ್ಲ ಎಂಬುದು ಅವರು ದೀಕ್ಷೆ ಪಡೆದ ದಿನದಿಂದ ನಡೆಸಿಕೊಂಡು ಬಂದ ನೇಮ. ನಮ್ಮ ಓದುಗರಲ್ಲಿ ಅನೇಕರ ಮನೆಯ ಹಿರಿಯರು ಹೀಗೆಯೇ ಇರುವುದರಿಂದ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಡಗಿನ ಒಂದು ಸ್ನಾನದ ಕೋಣೆಯ ವಿಷಯವನ್ನು ಇಷ್ಟು ವಿಸ್ತಾರವಾಗಿ ಬರೆಯುತ್ತಿರುವುದಕ್ಕೆ ಕಾರಣವೂ ಈ ನೇಮವೇ.

ನಮ್ಮ ಮಗ ಸೊಸೆ ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದ್ದಾರೆ. 2022ರ ಚಳಿಗಾಲದಲ್ಲಿ ನಾವೆಲ್ಲ ಅಲ್ಲಿಗೆ ಹೋಗಿದ್ದಾಗ, ಅಜ್ಜಿಗೆ ಸಮುದ್ರ ತೋರಿಸಬೇಕೆಂದು ಮಗನು ಫ್ಲಾರಿಡಾ ರಾಜ್ಯದಿಂದ ಹೊರಡುವ ಮೂರು ರಾತ್ರಿಗಳ ನೌಕಾ ವಿಹಾರವೊಂದಕ್ಕೆ ಒಬ್ಬ ಏಜೆಂಟರ ಮೂಲಕ ಏರ್ಪಾಡು ಮಾಡಿದನು. ಗಾಲಿಕುರ್ಚಿಯವರು ಬರುತ್ತಾರೆಂದು ತಿಳಿಸಿದ್ದೂ ಆಗಿತ್ತು. ಆದರೆ ಏಜೆಂಟರು ಗುರುತು ಹಾಕಿದ್ದು ಬಂದರಿನ ಬಾಗಿಲಿನಿಂದ ಹಡಗಿನವರೆಗೆ ಕುರ್ಚಿ ತಳ್ಳಿಕೊಂಡು ಹೋಗುವ ಸಹಾಯಕ್ಕೆ. ಕೋಣೆಯನ್ನು ಮಾತ್ರ ಎಲ್ಲರಿಗೂ ಕೊಡುವಂಥದ್ದನ್ನೇ ಕಾಯ್ದಿರಿಸಿದ್ದರು. ಇವೆರಡೂ ಬೇರೆ ಬೇರೆ ಎಂಬುದು ನಮಗೆ ತಿಳಿದದ್ದು ಹಡಗು ದಡ ಬಿಟ್ಟ ಮೇಲೆ. ಕೋಣೆಯ ಬಾಗಿಲು 23 ಅಂಗುಲ! ಕುರ್ಚಿಯನ್ನು ಮಡಚಿ, ತಾಯಿಯವರನ್ನು ಮಗನು ತೋಳಿನಲ್ಲಿ ಎತ್ತಿಕೊಂಡು ಒಳಗೆ ಒಯ್ದನು. ಸ್ನಾನದ ಕೋಣೆಗೆ ನೀರು ಹೊರಬಾರದಂತೆ ಗೇಣುದ್ದದ ಉಕ್ಕಿನ ಹೊಸ್ತಿಲು. ಅದರಾಚೆ ಒಬ್ಬರು ನೆಟ್ಟಗೆ ನಿಂತರೆ ಇನ್ನೊಬ್ಬರು ಕೈಯಾಡಿಸಲಾಗದಷ್ಟು ಇಕ್ಕಟ್ಟು.

ಮೊದಲ ದಿನ ತಾಯಿಯವರು ತಲೆನೋವೆಂದು ಹೇಳಿ ಮಲಗಿದರು. ಎರಡನೆಯ ದಿನ ಮಧ್ಯಾಹ್ನವಾದರೂ ನೀರು ಮುಟ್ಟದಿದ್ದಾಗ ನಮಗೆ ಸಂಗತಿ ಅರಿವಾಯಿತು. ಒದ್ದೆ ಬಟ್ಟೆಯಿಂದ ಮೈ ಒರೆಸಿ ಪೂಜೆಗೆ ಕೂಡ್ರಿಸುತ್ತೇವೆ, ಕಾಯಿಲೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ನಮ್ಮ ಮನೆಯವರು ಅಂಗಲಾಚಿದರು.

“ಬ್ಯಾನಿ ಬಿದ್ದವರಿಗೆ ನಡೀತದವಾ. ನಾ ಏನ್ ಬ್ಯಾನಿ ಬಿದ್ದೀನೇನು?” ಎಂದರು ತಾಯಿಯವರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಪ್ಪಿ ಹಾಗೆಯೇ ಪೂಜೆ ಮಾಡಿಕೊಂಡರೆನ್ನಿ. ಆದರೆ ಮೂರು ದಿನ ಕಿಟಕಿಯ ಕಡೆಗೆ ಮುಖ ತಿರುಗಿಸಲಿಲ್ಲ. ಬಹಿರ್ದೆಸೆಗೆ ಎತ್ತಿಕೊಂಡು ಹೋಗಬೇಕಾಗುವುದೆಂದು ನೀರನ್ನೂ ಮಿತವಾಗಿಯೇ ಕುಡಿದರೆಂಬುದು ತಿಳಿದದ್ದು ಬಹಳ ದಿನಗಳ ಮೇಲೆ. ಊರಿಗೆ ಮರಳಿದ ನಂತರ ಮದುವೆ, ಮುಂಜಾನೆಯ ಪ್ರವಚನ, ಜಾತ್ರೆ ಯಾವುದಕ್ಕೆ ಕರೆದರೂ “ನನ್ನ ಸಲುವಾಗಿ ನೀವ್ಯಾಕ ತ್ರಾಸ ತಗೋತೀರಿ, ನೀವು ಹೋಗಿಬರ್ರಿ” ಎಂಬ ಒಂದೇ ಮಾತು.

2023ರ ಶ್ರಾವಣದಲ್ಲಿ ಸೊಸೆಯು ದೂರವಾಣಿಯಲ್ಲಿ, ಬರುವ ಬೇಸಿಗೆಗೆ ಅಲಾಸ್ಕಾ ಹಡಗನ್ನು ನೋಡುತ್ತಿದ್ದೇನೆ ಎಂದಾಗ ನಾವು ಬೇಡವೆಂದೇ ಹೇಳಿದೆವು. “ಈ ಸಲ ಏಜೆಂಟರ ಕೈಯಾಗ ಕೊಡೂದಿಲ್ರೀ ಮಾಮಾರ, ನಾನೇ ಅಳತಿ ಕೇಳ್ತೀನಿ” ಎಂದಳು ಆಕೆ. ಮುಂದಿನ ಆರು ವಾರ ಆಕೆ ನಡೆಸಿದ ವಿಚಾರಣೆಯನ್ನು ಕಂಡು, ನಮ್ಮ ಮನೆತನದಲ್ಲಿ ಒಬ್ಬ ವಕೀಲೆ ತಪ್ಪಿಹೋದಳಲ್ಲ ಎನಿಸಿತು.

ಆಕೆ ಕಂಡುಕೊಂಡ ಸಂಗತಿಗಳು ಇತರರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇವೆ. ಎರಡು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ಹೊರುವ ದೊಡ್ಡ ಹಡಗಿನಲ್ಲಿಯೂ ಗಾಲಿಕುರ್ಚಿಗೆ ಯೋಗ್ಯವಾದ ಕೋಣೆಗಳು ಕೆಲವು ಹತ್ತುಗಳಷ್ಟೇ ಇರುತ್ತವೆ. ಅವು ಎಲ್ಲಕ್ಕಿಂತ ಮೊದಲು ತುಂಬಿಹೋಗುತ್ತವೆ. ಅವುಗಳಲ್ಲಿಯೂ ಎಲ್ಲವೂ ಒಂದೇ ತೆರನಲ್ಲ. ಕೆಲವು ಕೋಣೆಗಳು ದಿನವಿಡೀ ಕುರ್ಚಿಯಲ್ಲೇ ಇರುವವರಿಗೆ ಮಾಡಿದವು. ಇನ್ನು ಕೆಲವು, ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆ, ದೂರ ಹೋಗುವಾಗ ಮಾತ್ರ ಕುರ್ಚಿ ಬಳಸುವವರಿಗೆ ಮಾಡಿದವು. ಎರಡಕ್ಕೂ ಒಂದೇ ಗಾಲಿಕುರ್ಚಿಯ ಚಿತ್ರ ಹಚ್ಚಿರುವುದುಂಟು. ಮಂಚದ ಎರಡು ಮಗ್ಗುಲಿಗೂ ಕುರ್ಚಿ ಹೋಗುವ ಕೋಣೆಗಳಿವೆ, ಒಂದೇ ಮಗ್ಗುಲಿಗೆ ಹೋಗುವ ಕೋಣೆಗಳೂ ಇವೆ. ಹೀಗಾಗಿ ಚಿತ್ರವನ್ನು ನಂಬದೆ ಅಳತೆಯನ್ನು ಕೇಳಬೇಕು. ಬಾಗಿಲು ತೆರೆದಾಗ ದೊರೆಯುವ ಜಾಗ 32 ಅಂಗುಲವಾದರೂ ಇರಬೇಕು. ಕುರ್ಚಿ ಪೂರ್ಣ ಒಂದು ಸುತ್ತು ತಿರುಗಲು 5 ಅಡಿ ಅಗಲದ ಬರಿನೆಲ ಬೇಕು. ಸ್ನಾನದ ಕೋಣೆಗೆ ಹೊಸ್ತಿಲಿರದೆ, ನೆಲವೇ ಮೋರಿಯ ಕಡೆಗೆ ಇಳಿಜಾರಾಗಿ, ಕುರ್ಚಿಯ ಸಮೇತ ಒಳಗೆ ಹೋಗುವಂತಿರಬೇಕು. ಗೋಡೆಗೆ ಮಡಚುವ ಆಸನ, ಕುಳಿತವರ ಕೈಗೆ ಎಟಕುವ ನೀರಿನ ಕೊಳವೆ, ಹಿಡಿಕಂಬಿಗಳು ಇರಬೇಕು. ಮಂಚದ ಎತ್ತರ, ಬಟ್ಟೆ ತೂಗುವ ಕೋಲಿನ ಎತ್ತರ, ಹೊರಗಿನ ಮೊಗಸಾಲೆಗೆ ಮೆಟ್ಟಿಲಿದೆಯೇ ಎಂಬುದು ಇವೆಲ್ಲವನ್ನೂ ಸೊಸೆ ಒಂದು ಹಾಳೆಯಲ್ಲಿ ಬರೆದು ಕಳುಹಿಸಿದಳು.

ಈ ಪ್ರಶ್ನೆಗಳನ್ನು ಟಿಕೀಟು ಮಾರುವವರಿಗೆ ಕೇಳಿ ಪ್ರಯೋಜನವಿಲ್ಲ. ಅಂಗವಿಕಲ ಪ್ರಯಾಣಿಕರ ಅನುಕೂಲಕ್ಕೆಂದೇ ಹಡಗು ಕಂಪನಿಗಳಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. ಅಲ್ಲಿಗೇ ಬರೆಯಬೇಕು, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಬೇಕು. ಇನ್ನೊಂದು ಎಚ್ಚರಿಕೆಯ ಮಾತು. ಕೋಣೆಯ ಸಂಖ್ಯೆಯನ್ನು ಆಮೇಲೆ ತಿಳಿಸುತ್ತೇವೆಂದು ಹೇಳಿ ಅಗ್ಗದ ದರದಲ್ಲಿ ಮಾರುವ ಟಿಕೀಟುಗಳಿವೆ. ಸೋವಿಯೆಂದು ಅದಕ್ಕೆ ಕೈಹಾಕಿದರೆ ಯಾವ ಕೋಣೆ ಬಂದೀತೆಂಬುದು ಶಿವನಿಗೇ ಗೊತ್ತು. ಕೋಣೆಯ ಸಂಖ್ಯೆ ಕೈಸೇರಿದ ಮೇಲೆಯೇ ನಾವು ಹಣ ಕಟ್ಟಿದೆವು.

ಹಡಗಿನವರು ಇಷ್ಟೆಲ್ಲ ಉತ್ತರಿಸುವುದು ಬರಿಯ ಸೌಜನ್ಯದಿಂದಲ್ಲ. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾಯಿದೆ 1990ರಲ್ಲಿ ಬಂದಿತು. ಆದರೆ ಅಲ್ಲಿಂದ ಹೊರಡುವ ವಿಹಾರ ನೌಕೆಗಳು ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಾಯಿತವಾದವು; ನಮ್ಮ ಧ್ವಜ ಬೇರೆ, ಈ ಕಾಯಿದೆ ನಮಗಲ್ಲ ಎಂದು ಹಡಗಿನ ಕಡೆಯವರು ವಾದಿಸಿದರು. ಅಂಗವಿಕಲ ಪ್ರಯಾಣಿಕರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಸ್ಪೆಕ್ಟರ್ ಎಂಬವರ ಹೆಸರಿನ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಅಮೆರಿಕದ ನೀರಿನಲ್ಲಿ ಸಂಚರಿಸುವ ಪರದೇಶದ ಧ್ವಜದ ಹಡಗುಗಳಿಗೂ ಈ ಕಾಯಿದೆ ಅನ್ವಯಿಸುತ್ತದೆಂದು ತೀರ್ಪಿತ್ತಿತು. 2010ರಲ್ಲಿ ಸಾರಿಗೆ ಇಲಾಖೆ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಇಂಥ ಕೋಣೆಗಳನ್ನು, ಅದೇ ದರ್ಜೆಯ ಉಳಿದ ಕೋಣೆಗಳು ಮಾರಾಟವಾಗುವ ತನಕ, ಅಗತ್ಯವುಳ್ಳವರಿಗಾಗಿಯೇ ತೆಗೆದಿರಿಸಬೇಕು. ಗಟ್ಟಿಮುಟ್ಟಾದವರು ವಿಶಾಲವಾದ ಕೋಣೆಯ ಆಸೆಗೆ ಸುಳ್ಳು ಹೇಳಿ ಸೇರಿಕೊಳ್ಳುತ್ತಾರಾದುದರಿಂದ ಕಾಯ್ದಿರಿಸುವವರಿಂದ ಲಿಖಿತ ಹೇಳಿಕೆ ಪಡೆಯುವ ಅಧಿಕಾರವನ್ನೂ ಕಂಪನಿಗೆ ಕೊಟ್ಟಿದ್ದಾರೆ. ನಾವೂ ಅಂಥದೊಂದು ಹೇಳಿಕೆಗೆ ಸಹಿ ಮಾಡಿದೆವು. ಅಜ್ಜಿಯ ಪರವಾಗಿ ಹಿಂದೆ ಯಾರೋ ಮೊಕದ್ದಮೆ ಗೆದ್ದಿದ್ದಾರೆಂದು ಸೊಸೆ ಹೇಳಿದಾಗ ತಾಯಿಯವರು, “ಅವರ ಹೊಟ್ಟಿ ತಣ್ಣಗಿರಲಿ” ಎಂದರು. ಆದರೂ ಬರುತ್ತೇನೆನ್ನಲಿಲ್ಲ. ಸ್ನಾನದ ಕೋಣೆಯ ಭಾವಚಿತ್ರವನ್ನು ಹಡಗಿನವರಿಂದ ತರಿಸಿ ತೋರಿಸಿದ ಮೇಲೆಯೇ, ಬಹಳ ಹೊತ್ತು ನೋಡಿ, “ಆ ಕಂಬಿ ಗ್ವಾಡಿಗೆ ಬಿಗಿ ಅದ ಏನ್ ಕೇಳು” ಎಂದರು. ಅದನ್ನೇ ಒಪ್ಪಿಗೆಯೆಂದು ತಿಳಿದೆವು.

ವೀಸಾದ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಜನ ಎಡವುವುದು ಇಲ್ಲಿಯೇ. ಪರದೇಶದ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಹೊರನಾಡಿನ ಯಾವ ಬಂದರನ್ನೂ ಮುಟ್ಟದೆ ಸುತ್ತಾಡಿಸಿ ಮರಳಿ ತರಬಾರದೆಂಬುದು 1886ರ ಕಾಯಿದೆ. ಆದಕಾರಣ ಸಿಯಾಟಲಿನಿಂದ ಅಲಾಸ್ಕಕ್ಕೆ ಹೋಗುವ ಇಂಥ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವು ಗಂಟೆಯಾದರೂ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟು ಉಳ್ಳವರಿಗೆ ಆ ಕೆಲವು ಗಂಟೆಗಾಗಿ ಕೆನಡಾದ ವೀಸಾ ಬೇಕು. ಅಮೆರಿಕದ ವೀಸಾ ಹಲವು ಸಲ ಒಳಬರಲು ಅನುಮತಿಯುಳ್ಳದ್ದಾಗಿರಬೇಕು.

2024ರ ಜೂನ್ ತಿಂಗಳಲ್ಲಿ ಸಿಯಾಟಲಿನಲ್ಲಿ ಹಡಗು ಹತ್ತಿದೆವು. ತಾಯಿಯವರ ಕೋಣೆಯ ಬಾಗಿಲಿನ ಮುಂದೆ ಸೊಸೆಯು ಚೀಲದಿಂದ ಅಳತೆಪಟ್ಟಿಯನ್ನು ತೆಗೆದಳು. 32 ಅಂಗುಲಕ್ಕೆ ಒಂದೆರಡು ಎಳೆ ಹೆಚ್ಚೇ ಇತ್ತು. ತಾಯಿಯವರು ಕುರ್ಚಿಯನ್ನು ಯಾರಿಗೂ ತಳ್ಳಗೊಡದೆ ತಾವೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದರು. ಹೋದವರು ಸಮುದ್ರದ ಕಡೆ ನೋಡದೆ ನೇರವಾಗಿ ಸ್ನಾನದ ಕೋಣೆಗೆ ನಡೆದು, ಕಂಬಿಯನ್ನು ಹಿಡಿದು ಎರಡು ಸಲ ಜಗ್ಗಿ ನೋಡಿದರು.

ಹಡಗಿನ ಸಿಬ್ಬಂದಿ ಸ್ನಾನಕ್ಕಾಗಲಿ ಬಟ್ಟೆ ಉಡಲಾಗಲಿ ಸಹಾಯ ಮಾಡುವುದಿಲ್ಲ, ಜೊತೆಗೆ ಬಂದವರೇ ನೋಡಿಕೊಳ್ಳಬೇಕು ಎಂದು ಮೊದಲೇ ತಿಳಿಸಿದ್ದರು. ಆದ್ದರಿಂದ ನಮ್ಮ ಮನೆಯವರು ಅದೇ ಕೋಣೆಯಲ್ಲಿ ಉಳಿದರು. ಮರುದಿನ ಬೆಳಿಗ್ಗೆ ಅವರಿಗೆ ಎಚ್ಚರವಾದಾಗ ಸ್ನಾನದ ಕೋಣೆಯಲ್ಲಿ ನೀರಿನ ಸದ್ದು. ಗಾಬರಿಯಿಂದ ಕೂಗಿದರೆ ಒಳಗಿನಿಂದ “ನೀ ಮಲ್ಕೋ, ನಂದು ಆತು” ಎಂಬ ಉತ್ತರ ಬಂದಿತಂತೆ. ಐದು ವರ್ಷಗಳಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಸ್ನಾನ ಮಾಡಿದ್ದು ಅಂದೇ ಮೊದಲು. ನಾವು ಎದುರಿನ ಕೋಣೆಯಿಂದ ಬರುವ ಹೊತ್ತಿಗೆ ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗಯ್ಯನನ್ನಿಟ್ಟುಕೊಂಡು, ಕಿಟಕಿಯ ಬಳಿ ಕುಳಿತಿದ್ದರು. ಹಡಗಿನಲ್ಲಿ ಧೂಪ, ಊದುಬತ್ತಿ, ದೀಪ ಯಾವುದನ್ನೂ ಹಚ್ಚುವಂತಿಲ್ಲ. ಈ ಮಾತನ್ನು ಅವರಿಗೆ ಹೇಗೆ ತಿಳಿಸುವುದೆಂದು ನಾವು ಊರಿನಿಂದಲೂ ಚಿಂತಿಸುತ್ತಿದ್ದೆವು. ತಿಳಿಸಿದಾಗ, “ನಡುನೀರಾಗ ಬೆಂಕಿ ಹಚ್ಚೂದು ಯಾವ ಶಾಣ್ಯಾತನ?” ಎಂದು ನಮ್ಮನ್ನೇ ಕೇಳಿದರು. ಜೂನ್ ತಿಂಗಳಿನಲ್ಲಿ ಆ ಪ್ರಾಂತದಲ್ಲಿ ನಸುಕಿನ ನಾಲ್ಕಕ್ಕೆಲ್ಲ ಸೂರ್ಯೋದಯ, ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಸಂಜೆಯ ಪೂಜೆಯನ್ನು ಯಾವಾಗ ಮಾಡಬೇಕೆಂಬುದೊಂದೇ ಅವರಿಗೆ ಉಳಿದ ತೊಡಕು. ಊಟದ ಬಗೆಗೆ ಹೇಳಲು ಹೆಚ್ಚೇನಿಲ್ಲ. ಶಾಕಾಹಾರ ಮೊದಲೇ ತಿಳಿಸಿದ್ದೆವು. ಅನ್ನ, ಬೇಳೆ ದೊರೆತವು. ಶೇಂಗಾ ಚಟ್ನಿಪುಡಿ ನಮ್ಮ ಬಳಿಯೇ ಇತ್ತು.

ಅಲಾಸ್ಕಾದ ರಾಜಧಾನಿ ಜೂನೋ ವಿಚಿತ್ರವಾದ ಊರು. ಹಿಂದೆ ಹಿಮಗಡ್ಡೆಯ ಬಯಲು, ಮುಂದೆ ಸಮುದ್ರ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲಿ ಇಲ್ಲವೇ ವಿಮಾನದಲ್ಲಿ ಹೋಗಬೇಕು. ಸಮುದ್ರದ ಏರಿಳಿತ ಅಲ್ಲಿ 15 ಅಡಿಗೂ ಮೀರುವುದರಿಂದ ಹಡಗಿನಿಂದ ದಡಕ್ಕೆ ಚಾಚುವ ಸೇತುವೆ ಒಂದು ಹೊತ್ತಿಗೆ ಸಮತಟ್ಟಾಗಿದ್ದರೆ ಇನ್ನೊಂದು ಹೊತ್ತಿಗೆ ಕಡಿದಾಗಿರುತ್ತದೆ. ಇಳಿಜಾರಿನಲ್ಲಿ ಹಡಗಿನ ಇಬ್ಬರು ತರುಣರು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿದರು. ಬಂದರಿಗೆ ಹತ್ತದೆ ನಡುನೀರಿನಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುವ ಊರುಗಳಿದ್ದರೆ ಗಾಲಿಕುರ್ಚಿಯವರು ಹಡಗಿನಲ್ಲೇ ಉಳಿಯಬೇಕಾಗುತ್ತದೆ. ದೋಣಿಗೆ ಮೆಟ್ಟಿಲಿಳಿಯಬೇಕು, ಅಲೆಯಿದ್ದರೆ ಅದೂ ಇಲ್ಲ. ಸೊಸೆ ಇದನ್ನೂ ವಿಚಾರಿಸಿ, ಎಲ್ಲ ಊರುಗಳಲ್ಲಿಯೂ ಕಟ್ಟೆಗೆ ಹತ್ತುವ ಹಡಗನ್ನೇ ಆರಿಸಿದ್ದಳು. ಕುರ್ಚಿ ಏರಿಸುವ ಲಿಫ್ಟುಳ್ಳ ಬಸ್ಸಿಗೆ ತಿಂಗಳ ಮುಂಚೆ ಹೇಳಿಟ್ಟದ್ದರಿಂದ ಮೆಂಡೆನ್‌ಹಾಲ್ ಹಿಮನದಿಗೆ ಹೋದೆವು. ಅಲ್ಲಿಯ ವೀಕ್ಷಣಾ ಕೇಂದ್ರ 1962ರಲ್ಲಿ ಕಟ್ಟಿದ್ದು. ಅಲ್ಲಿಂದ ಸರೋವರದ ಅಂಚಿನವರೆಗೆ ಗಾಲಿಕುರ್ಚಿ ಹೋಗುವ ಹದವಾದ ಹಾದಿಯಿದೆ.

ಸ್ಕ್ಯಾಗ್ವೇ ಎಂಬ ಊರಿನಲ್ಲಿ ಚಿನ್ನ ಅರಸಿ ಹೊರಟವರ ಕಾಲದ, 1898ರಿಂದ 1900ರ ಅವಧಿಯಲ್ಲಿ ಹಾಕಿದ ಕಿರಿದಾದ ರೈಲುಹಳಿ ಇದೆ. ಸುಮಾರು 20 ಮೈಲಿಯಲ್ಲಿ ಅದು 3,000 ಅಡಿಯ ಸಮೀಪ ಏರುತ್ತದೆ. ಕುರ್ಚಿ ಎತ್ತುವ ಯಂತ್ರವುಳ್ಳ ಡಬ್ಬಿಗಳು ಆ ರೈಲಿಗೂ ಇವೆ. ನೂರು ವರ್ಷ ದಾಟಿದ ಬೆಟ್ಟದ ರೈಲಿನಲ್ಲಿ ಇದು ಸಾಧ್ಯವಾದರೆ ನಮ್ಮ ಕಲ್ಯಾಣ ಮಂಟಪಗಳಲ್ಲಿ ಏಕೆ ಆಗದು ಎಂಬ ವಿಚಾರ ಸುರಂಗದ ಕತ್ತಲೆಯಲ್ಲಿ ಬಂದಿತು. ದಾಸೋಹದ ಮನೆಗೆ ಹತ್ತು ಮೆಟ್ಟಿಲು, ಮಂಟಪದ ಊಟದ ಸಾಲು ಮಾಳಿಗೆಯ ಮೇಲೆ, ಮಠದ ಮಹಾದ್ವಾರಕ್ಕೆ ಮೊಳಕಾಲೆತ್ತರದ ಕಲ್ಲಿನ ಹೊಸ್ತಿಲು. ಹಿರಿಯರನ್ನು ಎತ್ತಿಕೊಂಡು ಒಳಗೆ ಒಯ್ಯುವ ತರುಣರಿಗೇನೂ ನಮ್ಮಲ್ಲಿ ಕೊರತೆಯಿಲ್ಲ, ಅದು ನಿಜ. ಎತ್ತಿಸಿಕೊಳ್ಳುವವರ ಮನಸ್ಸನ್ನು ನಾವು ಕೇಳಿದ್ದು ಕಡಿಮೆ.

ಗ್ಲೇಸಿಯರ್ ಬೇ ಎಂಬ ಕೊಲ್ಲಿಯನ್ನು ಹಡಗು ಸೇರಿದ್ದು ಐದನೆಯ ದಿನ. ಜಾರ್ಜ್ ವ್ಯಾಂಕೂವರನ ತಂಡ 1794ರಲ್ಲಿ ಇಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲವೆನ್ನಬೇಕು. ಎದುರಿಗೆ ಹಿಮದ ಗೋಡೆ ನಿಂತಿತ್ತು. ಆ ಗೋಡೆ ಹಿಂದೆ ಸರಿಯುತ್ತ ಸರಿಯುತ್ತ ಇಂದು ಸುಮಾರು 65 ಮೈಲಿ ಉದ್ದದ ನೀರಿನ ದಾರಿ ತೆರೆದಿದೆ. ಅದಕ್ಕೂ ಮೊದಲು ಇದು ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿಗಳ ತವರು. ಹದಿನೆಂಟನೆಯ ಶತಮಾನದಲ್ಲಿ ಹಿಮ ಮುಂದಕ್ಕೆ ನುಗ್ಗಿ ಅವರ ಊರುಗಳನ್ನು ಅಳಿಸಿತು. 2016ರಲ್ಲಿ ಅದೇ ಕೊಲ್ಲಿಯ ದಡದಲ್ಲಿ ಅವರ ಕುಲದ ಮನೆಯೊಂದು ಮತ್ತೆ ಎದ್ದು ನಿಂತಿದೆ. ದಿನಕ್ಕೆ ಎರಡೇ ದೊಡ್ಡ ವಿಹಾರ ನೌಕೆಗಳಿಗೆ ಇಲ್ಲಿ ಪ್ರವೇಶ. ಉದ್ಯಾನದ ಅಧಿಕಾರಿಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ, ದಿನವಿಡೀ ವಿವರಣೆ ಕೊಡುತ್ತಾರೆ.

ಇಲ್ಲಿ ಹಡಗಿನಿಂದ ಯಾರೂ ಕೆಳಗಿಳಿಯುವುದಿಲ್ಲ. ಗಿರಿಯೇರುವವನೂ ಸರಿ, ಗಾಲಿಕುರ್ಚಿಯವರೂ ಸರಿ, ಎಲ್ಲರಿಗೂ ಒಂದೇ ನೋಟ. ಮೇಲಿನ ಡೆಕ್ಕಿಗೆ ಲಿಫ್ಟಿನಲ್ಲಿ ಹೋದೆವು. ಅಲ್ಲಿ ಜನಜಂಗುಳಿ, ಕುಳಿತವರ ಕಣ್ಣಿಗೆ ಜನರ ಬೆನ್ನು, ಬೆನ್ನಿನಾಚೆ ಮರದ ತಡೆಗಟ್ಟು. ತಾಯಿಯವರು ಹತ್ತು ನಿಮಿಷ ಸುಮ್ಮನಿದ್ದು, “ನಮ್ಮ ಖೋಲಿಗೆ ಹೋಗೂಣು” ಎಂದರು. ಅವರ ಕೋಣೆಯ ಮೊಗಸಾಲೆಗೆ ಸಣ್ಣ ಇಳಿಜಾರು ಹಲಗೆ, ತಡೆಗಟ್ಟು ಗಾಜಿನದು. ಕುರ್ಚಿಯ ಪಾದದ ಹಲಗೆ ಗಾಜಿಗೆ ತಾಗುವಂತೆ ಕುಳಿತರೆ ಕೆಳಗಿನ ನೀರಿನಿಂದ ಮೇಲಿನ ಮುಗಿಲಿನ ತನಕ ಎಲ್ಲವೂ ಕಾಣುತ್ತಿತ್ತು.

ಮಾರ್ಜರಿ ಹಿಮನದಿಯ ಎದುರು ಹಡಗು ಬಂದು ನಿಂತಿತು. ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿ ಎತ್ತರ. ಬಿಳುಪೆಂದು ಹೊರಟರೆ ಒಳಗೆಲ್ಲ ನೀಲಿ. ಗದಗಿನ ಕಡೆ ಹೊಲದಲ್ಲಿ ಬಿಸಿಲಿಗೆ ಬಿರಿದ ಎರೆಮಣ್ಣಿನಂತೆ ಮೈತುಂಬ ಸೀಳು. ಇದ್ದಕ್ಕಿದ್ದಂತೆ ಫಿರಂಗಿ ಹಾರಿದ ಸಪ್ಪಳ. ಕಣ್ಣು ತಿರುಗಿಸುವಷ್ಟರಲ್ಲಿ ಮನೆಯಷ್ಟು ದೊಡ್ಡ ತುಂಡೊಂದು ಕಳಚಿ ನೀರಿಗೆ ಬಿದ್ದಿತ್ತು. ಈ ಸದ್ದಿಗೆ ಟ್ಲಿಂಗಿಟ್ ಜನರು ಬಿಳಿಯ ಗುಡುಗು ಎನ್ನುತ್ತಾರಂತೆ. ಅಲೆ ಬಂದು ಹಡಗನ್ನು ಮೆಲ್ಲನೆ ತೂಗಿತು. ತಾಯಿಯವರು ಕೈಮುಗಿಯಲಿಲ್ಲ, ಮಾತಾಡಲಿಲ್ಲ. ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದರು. ಸುಮಾರು ಒಂದು ಗಂಟೆಯ ಮೇಲೆ ಹಡಗು ತಿರುಗಿದಾಗ ನಮ್ಮನ್ನು ಕರೆದು, “ನೀರು ಕೊಡ” ಎಂದರು. ತಂಬಿಗೆ ತುಂಬ ಕುಡಿದರು. 2022ರ ಹಡಗಿನ ನೆನಪು ನಮಗಿಬ್ಬರಿಗೂ ಬಂದಿತೆಂದು ತೋರುತ್ತದೆ, ಯಾರೂ ಆಡಲಿಲ್ಲ.

ಕೆಚಿಕನ್ ಎಂಬ ಊರಿನಲ್ಲಿ ಎಡೆಬಿಡದ ಮಳೆ. ವಿಕ್ಟೋರಿಯಾದಲ್ಲಿ ಇಳಿದದ್ದು ಮಬ್ಬುಗತ್ತಲಲ್ಲಿ. ಹಡಗು ಬಿಡುವ ದಿನ ಬೆಳಿಗ್ಗೆ ತಾಯಿಯವರು ಸೊಸೆಯಿಂದ ಅಳತೆಪಟ್ಟಿಯನ್ನು ಇಸಿದುಕೊಂಡು, ಕಂಬಿಯ ಎತ್ತರ, ಆಸನದ ಎತ್ತರ, ಆಸನದಿಂದ ಕೊಳವೆಗೆ ಎಷ್ಟು ದೂರ ಎಂಬುದನ್ನೆಲ್ಲ ಅಳೆದು ಮೊಮ್ಮಗನಿಂದ ಬರೆಯಿಸಿದರು.

ಆ ಚೀಟಿ ಹಿಡಿದು ಶ್ರಾವಣ ಮುಗಿಯುವುದರೊಳಗೆ ಧಾರವಾಡದಲ್ಲಿ ಗೌಂಡಿಯನ್ನು ಕರೆಸಿದೆವು. ಬಚ್ಚಲಮನೆಯ ಹೊಸ್ತಿಲನ್ನು ಒಡೆಯಬೇಕೆಂದಾಗ ಆತ ನಂಬಲಿಲ್ಲ. “ಹೊಸ್ತಲ ತಗದ್ರ ನೀರೆಲ್ಲಾ ಪಡಸಾಲಿಗಿ ಬರ್ತಾವ್ರೀ ಸಾಹೇಬ್ರ” ಎಂದು ನಮ್ಮ ಮುಖ ನೋಡಿದನು. ನಾವು ಬಾಯಿ ತೆರೆಯುವ ಮುನ್ನವೇ ತಾಯಿಯವರು ಕುರ್ಚಿಯನ್ನು ಮುಂದಕ್ಕೆ ತಂದು, ಅಂಗೈಯನ್ನು ಓರೆಯಾಗಿ ಹಿಡಿದು, ಇಳಿಜಾರು ಮೋರಿಯ ಕಡೆಗೆ ಹೇಗಿರಬೇಕೆಂದು ಆತನಿಗೆ ತೋರಿಸತೊಡಗಿದರು.